ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಟ್ಟಿಗೇ ಹೊತ್ತಿಕೊಂಡರೆ

ರಾತ್ರಿ ಸರಿಯಾಗಿಯೇ ನಿಲ್ಲಿಸಿದ್ದ ಕಾರು. ಬೆಳಿಗ್ಗೆ ಕೀ ತಿರುಗಿಸಿದರೆ ಎಬಿಎಸ್ ದೀಪ ಉರಿಯುತ್ತಿದೆ. ಪಕ್ಕದಲ್ಲಿ ಸ್ಟೀರಿಂಗಿನ ಚಿಹ್ನೆ, ಅದರ ಪಕ್ಕ ಜಾರುವ ಕಾರಿನ ಚಿತ್ರ. ಎಂಜಿನ್ ಏನೋ ಸ್ಟಾರ್ಟ್ ಆಯಿತು. ಆದರೆ ಗಾಡಿ ಓಡುತ್ತಿದ್ದರೂ ವೇಗದ ಮುಳ್ಳು ಸೊನ್ನೆ ಬಿಟ್ಟು ಮೇಲೇಳುತ್ತಿಲ್ಲ, ಸ್ಟೀರಿಂಗ್ ಎಂದಿಗಿಂತ ಭಾರ.

ಒಂದೇ ರಾತ್ರಿಯಲ್ಲಿ ಬ್ರೇಕು, ಸ್ಟೀರಿಂಗು, ಮೀಟರು ಮೂರೂ ಕೆಟ್ಟವೇ? ಹಾಗಾಗುವುದು ತೀರಾ ಅಪರೂಪ. ಬಹುಮಟ್ಟಿಗೆ ಕೆಟ್ಟಿರುವುದು ಅವುಗಳ ನಡುವಿನ ಮಾತುಕತೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ (ಕಾರಿನಲ್ಲಿ ದಾಖಲಾದ ದೋಷದ ಕೋಡುಗಳನ್ನು ಓದುವ ಉಪಕರಣ) ಹಾಕಿದವರು 'ಕಮ್ಯುನಿಕೇಶನ್ ಫಾಲ್ಟ್ ಇದೆ, ಮಾಡ್ಯೂಲ್ ಬದಲಿಸಬೇಕಾಗಬಹುದು' ಎನ್ನುತ್ತಾರೆ. ಆ ಮಾತಿಗೆ ತಲೆಯಾಡಿಸುವ ಮೊದಲು ಒಳಗೆ ಏನು ನಡೆಯುತ್ತದೆ ಎಂದು ತಿಳಿದಿದ್ದರೆ ಒಳ್ಳೆಯದು. ಮಾಡ್ಯೂಲ್ ದುಬಾರಿ ವಸ್ತು. ಅದಕ್ಕಿಂತ ಮುಖ್ಯವಾಗಿ, ಅದನ್ನು ಬದಲಿಸಿದ ಮೇಲೂ ದೀಪ ಆರದೆ ಉಳಿಯುವುದು ಈ ಬಗೆಯ ದೋಷಗಳಲ್ಲಿ ಮಾಮೂಲು.

ಒಂದು ಸುದ್ದಿ, ಹತ್ತು ಕೇಳುಗರು

ಮಾಡ್ಯೂಲ್ ಅಥವಾ ಇಸಿಯು ಎಂದರೆ ಒಂದು ಕೆಲಸಕ್ಕೆಂದೇ ಇಟ್ಟ ಪುಟ್ಟ ಕಂಪ್ಯೂಟರ್. ಎಂಜಿನ್ ನೋಡಿಕೊಳ್ಳಲು ಒಂದು, ಗೇರ್‌ಬಾಕ್ಸಿಗೆ ಒಂದು, ಎಬಿಎಸ್ ಬ್ರೇಕಿಗೆ, ಏರ್‌ಬ್ಯಾಗಿಗೆ, ಸ್ಟೀರಿಂಗಿಗೆ, ಮುಂದಿನ ಮೀಟರ್ ಕನ್ಸೋಲಿಗೆ ಒಂದೊಂದು. ಬಾಗಿಲು, ಲೈಟು, ವೈಪರ್‌ಗಳ ಉಸ್ತುವಾರಿಗೆ ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬುದಿದೆ. ಈಚಿನ ಕಾರುಗಳಲ್ಲಿ ಇಂಥವು ಹತ್ತಾರು.

ಇವು ಪರಸ್ಪರ ಮಾತಾಡಬೇಕೇಕೆ? ಚಕ್ರದ ವೇಗವನ್ನೇ ನೋಡಿ. ಬಹಳಷ್ಟು ಕಾರುಗಳಲ್ಲಿ ಅದನ್ನು ಅಳೆಯುವುದು ಎಬಿಎಸ್ ಮಾಡ್ಯೂಲ್. ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯಲು ಅದಕ್ಕೆ ಆ ಲೆಕ್ಕ ಬೇಕೇ ಬೇಕು. ಆದರೆ ಅದೇ ಲೆಕ್ಕ ವೇಗದ ಮುಳ್ಳಿಗೂ ಬೇಕು, ಯಾವ ಗೇರ್ ಹಾಕಬೇಕೆಂದು ಯೋಚಿಸುವ ಗೇರ್‌ಬಾಕ್ಸಿಗೂ ಬೇಕು. ವೇಗ ಹೆಚ್ಚಿದಂತೆ ಸ್ಟೀರಿಂಗನ್ನು ಬಿಗಿ ಮಾಡುವ ಮೋಟಾರಿಗೂ, ಗಾಡಿ ಚಲಿಸಿದೊಡನೆ ಬಾಗಿಲು ಲಾಕ್ ಮಾಡುವ ಬಾಡಿ ಮಾಡ್ಯೂಲಿಗೂ ಬೇಕು. ಎಲ್ಲರೂ ತಂತಮ್ಮ ಸೆನ್ಸರ್ ಇಟ್ಟುಕೊಳ್ಳುವ ಬದಲು ಎಬಿಎಸ್ ಒಮ್ಮೆ ಹೇಳುತ್ತದೆ, ಮಿಕ್ಕವರು ಕೇಳಿಸಿಕೊಳ್ಳುತ್ತಾರೆ. ಹೇಳುವವನ ದನಿ ನಿಂತರೆ ಕೇಳುವವರೆಲ್ಲ ಒಟ್ಟಿಗೆ ಕಂಗಾಲು. ಬೆಳಿಗ್ಗೆ ಕಂಡ ಮೂರು ದೀಪ, ಒಂದು ಸತ್ತ ಮುಳ್ಳು, ಎಲ್ಲದರ ಮೂಲ ಇದೇ ಇರಬಹುದು.

ಎರಡು ತಂತಿಯ ಓಣಿ

ಮೊದಲು ಒಂದೊಂದು ಸಂಕೇತಕ್ಕೂ ಒಂದೊಂದು ತಂತಿ ಎಳೆಯುತ್ತಿದ್ದರು. ಸೌಲಭ್ಯ ಹೆಚ್ಚಿದಂತೆ ವೈರಿಂಗ್ ಕಟ್ಟು ತೋಳಿನ ಗಾತ್ರವಾಯಿತು. ಇದಕ್ಕೆ ಪರಿಹಾರವಾಗಿ ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ಕೆಲಸ ಆರಂಭಿಸಿ, 1986ರಲ್ಲಿ ಅಮೆರಿಕದ ಡೆಟ್ರಾಯಿಟಿನಲ್ಲಿ ಜಗತ್ತಿನ ಮುಂದಿಟ್ಟ ವ್ಯವಸ್ಥೆಯೇ ಕ್ಯಾನ್, ಅಂದರೆ ಕಂಟ್ರೋಲರ್ ಏರಿಯಾ ನೆಟ್‌ವರ್ಕ್. 1993ರಲ್ಲಿ ಅದು ಐಎಸ್‌ಒ 11898 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು. ಇವತ್ತಿಗೂ ಕಾರಿನ ಮುಖ್ಯ ಮಾತುಕತೆ ನಡೆಯುವುದು ಹೆಚ್ಚಾಗಿ ಇದರ ಮೇಲೆಯೇ.

ನೋಡಲು ಅದು ಜಡೆಯಂತೆ ಹೊಸೆದ ಎರಡು ತೆಳು ತಂತಿ, ಅಷ್ಟೇ. ಒಂದರ ಹೆಸರು ಕ್ಯಾನ್-ಹೈ, ಇನ್ನೊಂದು ಕ್ಯಾನ್-ಲೋ. ಓಣಿಯ ಇಕ್ಕೆಲದ ಮನೆಗಳಂತೆ ಮಾಡ್ಯೂಲುಗಳು ಈ ಜೋಡಿಗೆ ಅಂಟಿಕೊಂಡಿರುತ್ತವೆ. ಯಾರೂ ಮಾತಾಡದಾಗ ಎರಡೂ ತಂತಿಯಲ್ಲಿ ಸುಮಾರು 2.5 ವೋಲ್ಟ್. ಮಾತಾಡುವಾಗ ಹೈ 3.5ಕ್ಕೆ ಏರುತ್ತದೆ, ಲೋ 1.5ಕ್ಕೆ ಇಳಿಯುತ್ತದೆ. ಕೇಳುವವರು ಗಮನಿಸುವುದು ಎರಡರ ನಡುವಿನ ಅಂತರವನ್ನು ಮಾತ್ರ: ಅಂತರವಿದ್ದರೆ 0, ಇಲ್ಲದಿದ್ದರೆ 1.

ಒಂದೇ ತಂತಿ ಸಾಲದೇ ಎಂದು ಕೇಳಬಹುದು. ಎಂಜಿನ್ನಿನ ಸುತ್ತ ಸ್ಪಾರ್ಕಿನ, ಆಲ್ಟರ್ನೇಟರಿನ, ಮೋಟಾರುಗಳ ವಿದ್ಯುತ್ ಗದ್ದಲ ವಿಪರೀತ. ಎರಡು ದೋಣಿ ಅಕ್ಕಪಕ್ಕ ತೇಲುತ್ತಿವೆ ಎಂದುಕೊಳ್ಳಿ. ತೆರೆ ಬಂದರೆ ಎರಡೂ ಒಟ್ಟಿಗೆ ಏಳುತ್ತವೆ, ಒಂದಕ್ಕಿಂತ ಇನ್ನೊಂದು ಎಷ್ಟು ಎತ್ತರ ಎಂಬುದು ಬದಲಾಗದು. ಹೊಸೆದ ತಂತಿಗಳಿಗೂ ಗದ್ದಲ ಸಮನಾಗಿ ತಾಗುತ್ತದೆ, ಅಂತರ ಹಾಗೆಯೇ ಉಳಿಯುತ್ತದೆ. ರಿಪೇರಿ ಮಾಡುವಾಗ ಈ ಹೊಸೆತವನ್ನು ಬಿಚ್ಚಿ ಉದ್ದಕ್ಕೆ ನೇರ ತಂತಿ ಸೇರಿಸಿದರೆ ಹೊಸ ತೊಂದರೆಯನ್ನು ಕೈಯಾರೆ ಕರೆತಂದಂತೆ.

ಓಣಿಯ ಎರಡೂ ತುದಿಯಲ್ಲಿ 120 ಓಂನ ಒಂದೊಂದು ರೆಸಿಸ್ಟರ್ ಇರುತ್ತದೆ, ಸಾಮಾನ್ಯವಾಗಿ ತುದಿಯ ಮಾಡ್ಯೂಲಿನ ಒಳಗೇ. ಖಾಲಿ ಕೋಣೆಯಲ್ಲಿ ಮಾತು ಗೋಡೆಗೆ ಬಡಿದು ಮಾರ್ದನಿಸುವಂತೆ ತಂತಿಯ ತುದಿಗೆ ಮುಟ್ಟಿದ ಸಂಕೇತವೂ ಹಿಂದಿರುಗಿ ಬಂದು ಮುಂದಿನ ಮಾತಿನಲ್ಲಿ ಕಲಸಿಹೋಗುತ್ತದೆ. ಕೋಣೆಗೆ ದಪ್ಪ ಪರದೆ ಹಾಕಿದರೆ ಮಾರ್ದನಿ ಅಡಗುತ್ತದಲ್ಲ, ಆ ಪರದೆಯ ಕೆಲಸ ಈ ರೆಸಿಸ್ಟರಿನದು. ಈ 120 ಎಂಬ ಅಂಕಿ ನೆನಪಿರಲಿ, ದೋಷ ಹುಡುಕುವಾಗ ಮತ್ತೆ ಬೇಕಾಗುತ್ತದೆ.

ಇಬ್ಬರು ಒಟ್ಟಿಗೆ ಬಾಯಿ ತೆರೆದರೆ? ಪ್ರತಿ ಸುದ್ದಿಯ ತಲೆಯಲ್ಲೂ ಒಂದು ಸಂಖ್ಯೆ ಇರುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಸುದ್ದಿ ತುರ್ತು. ತಾನು 1 ಎಂದು ಹೇಳಿದಾಗ ತಂತಿಯ ಮೇಲೆ 0 ಕೇಳಿಸಿದರೆ, ತನಗಿಂತ ತುರ್ತಿನವನು ಮಾತಾಡುತ್ತಿದ್ದಾನೆಂದು ಅರಿತು ಮಾಡ್ಯೂಲ್ ಅಲ್ಲೇ ಸುಮ್ಮನಾಗುತ್ತದೆ. ಗೆದ್ದವನ ಸುದ್ದಿ ಒಂದಕ್ಷರವೂ ಕೆಡದೆ ಮುಂದುವರಿಯುತ್ತದೆ. ಎಂಜಿನ್, ಬ್ರೇಕುಗಳ ಜಾಲ ಸಾಮಾನ್ಯವಾಗಿ ಸೆಕೆಂಡಿಗೆ 5 ಲಕ್ಷ ಬಿಟ್ (ಒಂದೊಂದು 0 ಅಥವಾ 1 ಒಂದು ಬಿಟ್) ವೇಗದ್ದು, ಅಂದರೆ ಒಂದು ಬಿಟ್‌ಗೆ 2 ಮೈಕ್ರೋಸೆಕೆಂಡ್. ಒಂದು ಇಡೀ ಸುದ್ದಿ ಸುಮಾರು ಕಾಲು ಮಿಲಿಸೆಕೆಂಡಿನಲ್ಲಿ ಮುಗಿದಿರುತ್ತದೆ.

ಗೈರುಹಾಜರಿ ಬರೆದವರು ಯಾರು?

ಸ್ಕ್ಯಾನರ್ ತೋರಿಸುವ ಕೋಡುಗಳ ಮೊದಲ ಅಕ್ಷರ ದೋಷದ ಜಾತಿ ಹೇಳುತ್ತದೆ. ಪಿ ಎಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್, ಸಿ ಎಂದರೆ ಬ್ರೇಕು ಸ್ಟೀರಿಂಗಿನಂಥ ಚಾಸಿ ಭಾಗ, ಬಿ ಎಂದರೆ ಬಾಡಿ. ಮಾತುಕತೆಯ ದೋಷಗಳೆಲ್ಲ ಯು ಅಕ್ಷರದಿಂದ ಶುರುವಾಗುತ್ತವೆ. ಯು0100 ಎಂದರೆ ಎಂಜಿನ್ ಮಾಡ್ಯೂಲಿನ ಸಂಪರ್ಕ ತಪ್ಪಿದೆ, ಯು0101 ಗೇರ್‌ಬಾಕ್ಸಿನದು, ಯು0121 ಎಬಿಎಸ್‌ನದು, ಯು0140 ಬಾಡಿ ಮಾಡ್ಯೂಲಿನದು.

ಎಡವುವುದು ಇಲ್ಲಿಯೇ. ಯು0121 ಕಂಡೊಡನೆ 'ಎಬಿಎಸ್ ಮಾಡ್ಯೂಲ್ ಹೋಗಿದೆ' ಎಂದುಬಿಡುತ್ತಾರೆ. ಆದರೆ ಆ ಕೋಡನ್ನು ಬರೆದಿಟ್ಟಿರುವುದು ಎಬಿಎಸ್ ಅಲ್ಲ, ಅದರ ಮಾತಿಗಾಗಿ ಕಾದು ಕುಳಿತಿದ್ದ ಬೇರೆಯವರು. ಎಬಿಎಸ್‌ನಿಂದ ಕೆಲವೇ ಮಿಲಿಸೆಕೆಂಡಿಗೊಮ್ಮೆ ಬರಬೇಕಾದ ಸುದ್ದಿ ಗೊತ್ತಾದ ಅವಧಿಯವರೆಗೆ ಬಾರದಿದ್ದರೆ ಅವರು ತಮ್ಮ ನೆನಪಿನಲ್ಲಿ ಗುರುತು ಹಾಕುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರಿನ ಮುಂದೆ ಗೈರು ಎಂದು ಬರೆದಂತೆ. ಅವನಿಗೆ ಜ್ವರವೋ, ಬಸ್ಸು ತಪ್ಪಿತೋ, ಗೇಟಿಗೇ ಬೀಗ ಬಿದ್ದಿತ್ತೋ, ಪುಸ್ತಕಕ್ಕೆ ಗೊತ್ತಿಲ್ಲ.

ಆದ್ದರಿಂದ ಕೋಡು ಒಂದನ್ನೇ ಓದಿದರೆ ಸಾಲದು, ಯಾರ ಪುಸ್ತಕದಲ್ಲಿ ಯಾರ ಹೆಸರಿಗೆ ಗೈರು ಬಿದ್ದಿದೆ ಎಂದು ನೋಡಬೇಕು. ಸ್ಕ್ಯಾನರಿನಿಂದ ಎಲ್ಲ ಮಾಡ್ಯೂಲುಗಳನ್ನೂ ಒಮ್ಮೆ ಕೂಗಿ, ಓಗೊಟ್ಟವರು ಯಾರು, ಓಗೊಡದವರು ಯಾರು ಎಂದು ಕಾಗದದಲ್ಲಿ ಬರೆದುಕೊಳ್ಳುವುದು ಅನುಭವಿಗಳ ಮೊದಲ ಕೆಲಸ. ಎಲ್ಲರೂ ಎಬಿಎಸ್ ಇಲ್ಲ ಎನ್ನುತ್ತಿದ್ದರೆ, ಸ್ಕ್ಯಾನರಿಗೂ ಅದು ಓಗೊಡದಿದ್ದರೆ, ಹುಡುಕಾಟ ಎಬಿಎಸ್ ಹತ್ತಿರವೇ. ಗೇರ್‌ಬಾಕ್ಸ್ ಒಂದೇ ಎಬಿಎಸ್ ಇಲ್ಲ ಎಂದು ದೂರುತ್ತಿದ್ದು ಮಿಕ್ಕವರಿಗೆಲ್ಲ ಅದು ಕೇಳಿಸುತ್ತಿದ್ದರೆ, ತೊಂದರೆ ದೂರಿದವನ ಕಿವಿಯಲ್ಲಿದೆ. ಒಂದು ಕಡೆಯವರೆಲ್ಲ ಮಾಯವಾಗಿದ್ದರೆ ನಡುವೆ ತಂತಿ ತುಂಡಾಗಿರಬಹುದು. ಒಬ್ಬರೂ ಓಗೊಡದಿದ್ದರೆ ಓಣಿಯೇ ಬಂದ್ ಆಗಿರಬಹುದು. ಸ್ಕ್ಯಾನರ್ ಸಿಕ್ಕಿಸುವ 16 ಪಿನ್ನಿನ ಓಬಿಡಿ ಕನೆಕ್ಟರಿಗೇ ಕರೆಂಟ್ ಇಲ್ಲದಿರುವುದೂ ಉಂಟು; ಅದರ 16ನೇ ಪಿನ್ನಿನಲ್ಲಿ ಬ್ಯಾಟರಿ ವೋಲ್ಟೇಜು, 4 ಮತ್ತು 5ರಲ್ಲಿ ಅರ್ತ್ ಇರಬೇಕು. ಅದರ ಫ್ಯೂಸ್ ಹೋಗಿದ್ದನ್ನು ನೋಡದೆ ಅರ್ಧ ದಿನ ತಂತಿ ಹುಡುಕುವವರಿದ್ದಾರೆ.

ಮಾಡ್ಯೂಲುಗಳಿಗೆ ಸ್ವಯಂಶಿಸ್ತು ಎಂಬುದೊಂದಿದೆ. ಸುದ್ದಿ ಕಳಿಸುವುದರಲ್ಲಿ ತಪ್ಪಾದಾಗಲೆಲ್ಲ ಅದರ ಲೆಕ್ಕಕ್ಕೆ 8 ಸೇರುತ್ತದೆ, ಸರಿಯಾಗಿ ಹೋದಾಗ 1 ಕಳೆಯುತ್ತದೆ. ಲೆಕ್ಕ 255 ದಾಟಿದರೆ ಆ ಮಾಡ್ಯೂಲ್ ಕ್ಯಾನ್ ನಿಯಮದಂತೆ ತಾನಾಗಿ ಜಾಲದಿಂದ ಹೊರಗುಳಿಯುತ್ತದೆ. ಇದಕ್ಕೆ 'ಬಸ್ ಆಫ್' ಎನ್ನುತ್ತಾರೆ; ಬಸ್ ಎಂದರೆ ಇಲ್ಲಿ ಎಲ್ಲರೂ ಹಂಚಿಕೊಂಡ ಆ ಜೋಡಿ ತಂತಿ. ಈ ಸ್ಥಿತಿಯನ್ನು ಸೂಚಿಸುವ ಯು0073ರಂಥ ಕೋಡು ಕಂಡರೆ ಒಬ್ಬನ ಗೈರಿಗಿಂತ ಓಣಿಯ ಸ್ಥಿತಿಯ ಬಗ್ಗೆಯೇ ಮೊದಲು ಅನುಮಾನಪಡಬೇಕು.

ಮೊದಲು ಅನ್ನ, ಆಮೇಲೆ ಮಾತು

ಓಗೊಡದ ಮಾಡ್ಯೂಲ್ ಸಿಕ್ಕಿತು ಅನ್ನಿ. ತಂತಿಯ ವೋಲ್ಟೇಜು ನೋಡುವ ಮೊದಲು ಅದಕ್ಕೆ ಕರೆಂಟ್ ಬರುತ್ತಿದೆಯೇ, ಅರ್ತ್ ಸರಿಯಿದೆಯೇ ಎಂದು ನೋಡಬೇಕು. ಹಸಿದವನು ಮಾತಾಡಲಾರ. ಬ್ಯಾಟರಿ ಇಳಿದಿದ್ದರೆ ಸ್ಟಾರ್ಟ್ ಮಾಡುವ ಕ್ಷಣದಲ್ಲಿ ವೋಲ್ಟೇಜು ಕುಸಿದು ಕೆಲವು ಮಾಡ್ಯೂಲುಗಳು ಮೂರ್ಛೆ ಹೋಗಿ ಏಳುತ್ತವೆ, ಅಷ್ಟರಲ್ಲಿ ಮಿಕ್ಕವರು ಗೈರು ಬರೆದಾಗಿರುತ್ತದೆ. ಯು ಕೋಡುಗಳ ದೊಡ್ಡ ಪಟ್ಟಿ ಕಂಡು ಗಾಬರಿಯಾಗುವ ಮುಂಚೆ ಬ್ಯಾಟರಿ ಪರೀಕ್ಷಿಸಿ ಎನ್ನುವುದು ಇದಕ್ಕೇ.

ಇಲ್ಲೊಂದು ಸೂಕ್ಷ್ಮವಿದೆ, ಹತ್ತಿರದಿಂದ ನೋಡೋಣ. ನಮ್ಮ ಬೆಳಗಿನ ಕಾರಿನ ಎಬಿಎಸ್ ಕನೆಕ್ಟರ್ ಬಿಚ್ಚಿ, ಅದರ ಪವರ್ ಪಿನ್ನಿಗೂ ಅರ್ತ್ ಪಿನ್ನಿಗೂ ಮಲ್ಟಿಮೀಟರ್ ಹಿಡಿದರೆ 12.4 ವೋಲ್ಟ್ ತೋರಿಸುತ್ತದೆ. ಫ್ಯೂಸೂ ಸರಿಯಿದೆ. 'ಕರೆಂಟ್ ಬರ್ತಿದೆ, ಹಾಗಾದರೆ ಮಾಡ್ಯೂಲೇ ಹೋಗಿದೆ' ಎಂಬ ತೀರ್ಮಾನ ನಾಲಗೆಯ ತುದಿಯಲ್ಲಿರುತ್ತದೆ. ಈಗ ಅದೇ ಎರಡು ಪಿನ್ನುಗಳಿಗೆ ಇಂಡಿಕೇಟರಿನ 21 ವಾಟಿನ ಬಲ್ಬೊಂದನ್ನು ತಂತಿಯಿಂದ ಜೋಡಿಸಿ. ಬಲ್ಬು ಪ್ರಖರವಾಗಿ ಉರಿಯಬೇಕು. ಆದರೆ ಬೂದಿ ಮುಚ್ಚಿದ ಕೆಂಡದಂತೆ ಮಿಣುಕುತ್ತದೆ, ಮೀಟರ್ 5 ವೋಲ್ಟಿಗೆ ಇಳಿದಿದೆ. ಅರ್ತ್ ತಂತಿಯ ಜಾಡು ಹಿಡಿದು ಹೋದರೆ ಬ್ಯಾಟರಿ ತಟ್ಟೆಯ ಕೆಳಗೆ ಬಾಡಿಗೆ ಬಿಗಿದ ಬೋಲ್ಟು. ಅದರ ಸುತ್ತ ಹಸಿರು-ಬಿಳಿ ಪುಡಿ, ಬೆರಳು ತಾಗಿಸಿದರೆ ಉದುರುತ್ತದೆ. ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ, ಮತ್ತೆ ಬಿಗಿದರೆ ಬಲ್ಬು ಪೂರ್ತಿ ಬೆಳಗುತ್ತದೆ.

ಮೀಟರ್ ಸುಳ್ಳು ಹೇಳಿತೇ? ಇಲ್ಲ. ನಲ್ಲಿ ಮುಚ್ಚಿದ್ದಾಗ, ಮುಕ್ಕಾಲು ಕಟ್ಟಿಕೊಂಡ ಪೈಪಿನಲ್ಲೂ ನೀರಿನ ಒತ್ತಡ ಪೂರ್ತಿ ಇರುತ್ತದೆ. ನಲ್ಲಿ ತೆರೆದಾಗಲೇ ಅದು ಹನಿಹನಿಯಾಗಿ ಬೀಳುವುದು ಕಾಣುವುದು. ಮಲ್ಟಿಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ ಎನ್ನುವಷ್ಟು ಕಡಿಮೆ, ಅದು ಮುಚ್ಚಿದ ನಲ್ಲಿ. ಬಲ್ಬು ತೆರೆದ ನಲ್ಲಿ. ನನ್ನ ಮಟ್ಟಿಗೆ ಈ ಸಣ್ಣ ಬಲ್ಬು ಎಷ್ಟೋ ದುಬಾರಿ ಉಪಕರಣಗಳಿಗಿಂತ ಮೇಲು. ಆದರೆ ಅದನ್ನು ಪವರ್ ಮತ್ತು ಅರ್ತ್ ಪಿನ್ನುಗಳಿಗೆ ಮಾತ್ರ ಹಿಡಿಯಬೇಕು, ಕ್ಯಾನ್ ತಂತಿಗೆ ಎಂದೂ ಅಲ್ಲ.

60 ಓಂ ಹೇಳುವುದು, ಹೇಳದಿರುವುದು

ಕರೆಂಟು, ಅರ್ತ್ ಸರಿಯಿದ್ದೂ ಮಾಡ್ಯೂಲ್ ಓಗೊಡದಿದ್ದರೆ ಈಗ ತಂತಿಯ ಸರದಿ. ಬ್ಯಾಟರಿ ಕಳಚಿ, ಓಬಿಡಿ ಕನೆಕ್ಟರಿನ 6 ಮತ್ತು 14ನೇ ಪಿನ್ನಿನ ನಡುವೆ ರೆಸಿಸ್ಟೆನ್ಸ್ ಅಳೆಯುತ್ತಾರೆ. 6 ಕ್ಯಾನ್-ಹೈ, 14 ಕ್ಯಾನ್-ಲೋ. ಎರಡು ತುದಿಯ 120 ಓಂಗಳು ಸಮಾಂತರವಾಗಿ ಸೇರಿ 60 ಬರಬೇಕು. 120 ಬಂದರೆ ಒಂದು ತುದಿ ಕಾಣೆಯಾಗಿದೆ: ನಡುವೆ ತಂತಿ ಕಡಿದಿದೆ, ಇಲ್ಲವೇ ತುದಿಯ ಮಾಡ್ಯೂಲಿನ ಕನೆಕ್ಟರ್ ಕಳಚಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿ ಒಂದಕ್ಕೊಂದು ತಾಗಿವೆ. 40ರ ಸುಮಾರು ಬಂದರೆ ಮೂರನೆಯ 120 ಓಂ ಎಲ್ಲಿಂದಲೋ ಸೇರಿಕೊಂಡಿದೆ, ಬೇರೆ ಮಾದರಿಯ ಮಾಡ್ಯೂಲ್ ತಂದು ಕೂರಿಸಿದಾಗ ಹೀಗಾಗುವುದುಂಟು.

60 ಬಂದಿತೆಂದು ಕೈ ತೊಳೆದುಕೊಳ್ಳುವಂತಿಲ್ಲ. ಓಣಿಯ ನಡುವಿನ ಒಂದು ಮನೆಗೆ ಹೋಗುವ ಕವಲು ತಂತಿ ಮಾತ್ರ ಕಡಿದಿದ್ದರೆ ಎರಡು ತುದಿ ಹಾಗೆಯೇ ಇರುತ್ತವೆ, ಮೀಟರ್ 60 ಎಂದೇ ಹೇಳುತ್ತದೆ. ಒಂದು ತಂತಿ ಬಾಡಿಗೆ ತಾಗಿದ್ದರೂ ಇದರಲ್ಲಿ ಕಾಣದು. ಅದಕ್ಕೆ ಒಂದೊಂದನ್ನೂ ಅರ್ತ್‌ನೊಂದಿಗೆ ಬೇರೆಯಾಗಿ ಅಳೆಯಬೇಕು. ಮತ್ತೊಂದು ತೊಡಕು ಹೊಸ ಕಾರುಗಳದು. ಅನೇಕ ಮಾದರಿಗಳಲ್ಲಿ ಓಬಿಡಿ ಕನೆಕ್ಟರಿಗೂ ಒಳಗಿನ ಜಾಲಕ್ಕೂ ನಡುವೆ ಗೇಟ್‌ವೇ ಎಂಬ ದ್ವಾರಪಾಲಕ ಇರುತ್ತಾನೆ. ಅಲ್ಲಿ 6 ಮತ್ತು 14ರಲ್ಲಿ ಅಳೆದರೆ ಸಿಗುವುದು ಬಾಗಿಲಿನವರೆಗಿನ ಸುದ್ದಿ ಮಾತ್ರ, ಮನೆಯೊಳಗಿನದಲ್ಲ. ವೈರಿಂಗ್ ನಕ್ಷೆ ಇಲ್ಲದೆ ಇಂಥ ಗಾಡಿಗೆ ಕೈಹಾಕುವುದು ಕಣ್ಣು ಕಟ್ಟಿಕೊಂಡು ಹುಡುಕಿದಂತೆ.

ಬ್ಯಾಟರಿ ಜೋಡಿಸಿ ಇಗ್ನಿಷನ್ ಆನ್ ಮಾಡಿ ವೋಲ್ಟೇಜು ನೋಡುವುದು ಮುಂದಿನ ಹೆಜ್ಜೆ. ಹೈ 2.5ಕ್ಕಿಂತ ತುಸು ಮೇಲೆ, ಲೋ ತುಸು ಕೆಳಗೆ ತೋರಿಸಬೇಕು, ಎರಡನ್ನೂ ಕೂಡಿದರೆ ಸುಮಾರು 5. ಮೈಕ್ರೋಸೆಕೆಂಡಿನ ಕುಣಿತ ಮಲ್ಟಿಮೀಟರಿಗೆ ಕಾಣದು, ಅದು ಹೇಳುವುದು ಸರಾಸರಿ. ಎರಡೂ ಒಂದೇ ಅಂಕಿ ತೋರಿಸಿ, ಯಾರೂ ಮಾತಾಡದಿದ್ದರೆ ಪರಸ್ಪರ ಶಾರ್ಟ್. ಒಂದು ಸೊನ್ನೆಗೆ ಇಳಿದಿದ್ದರೆ ಅದು ಅರ್ತ್‌ಗೆ ತಾಗಿದೆ, 12ರ ಹತ್ತಿರ ಏರಿದ್ದರೆ ಬ್ಯಾಟರಿ ತಂತಿಗೆ. ಆಸಿಲೋಸ್ಕೋಪ್ ಇದ್ದವರಿಗೆ ಕುಣಿತವೇ ಕಾಣುತ್ತದೆ: ಹೈ ಏರಿದಾಗಲೆಲ್ಲ ಲೋ ಇಳಿಯುವ, ನೀರಿನಲ್ಲಿ ಕಂಡ ಪ್ರತಿಬಿಂಬದಂಥ ಎರಡು ಗೆರೆ. ಪ್ರತಿಬಿಂಬದ ಒಂದು ಕಡೆ ಮೊಂಡಾಗಿದ್ದರೆ ಯಾವ ತಂತಿಯ ತೊಂದರೆ ಎಂದು ಅಲ್ಲೇ ತಿಳಿಯುತ್ತದೆ.

ಕೂಗುಮಾರಿಯನ್ನು ಹಿಡಿಯುವುದು

ಕೆಲವೊಮ್ಮೆ ತಂತಿಗಳೆಲ್ಲ ಸರಿಯಿದ್ದು ಒಂದು ಮಾಡ್ಯೂಲಿನ ಒಳಗಿನ ಚಿಪ್ ಕೆಟ್ಟು ಇಡೀ ಓಣಿಯನ್ನು ಅದುಮಿ ಹಿಡಿದಿರುತ್ತದೆ. ಸಭೆಯಲ್ಲಿ ಒಬ್ಬ ಎಡೆಬಿಡದೆ ಅರಚುತ್ತಿದ್ದರೆ ಯಾರ ಮಾತೂ ಯಾರಿಗೂ ಕೇಳದಲ್ಲ, ಹಾಗೆ. ಆಗ ಒಂದೊಂದೇ ಮಾಡ್ಯೂಲಿನ ಕನೆಕ್ಟರ್ ಕಳಚುತ್ತಾ, ಸ್ಕ್ಯಾನರ್ ಅಥವಾ ಸ್ಕೋಪ್ ಗಮನಿಸುತ್ತಾ ಹೋಗುತ್ತಾರೆ. ಯಾವುದನ್ನು ಕಳಚಿದಾಗ ಉಳಿದವರಿಗೆಲ್ಲ ದನಿ ಮರಳುತ್ತದೋ ಅದು, ಇಲ್ಲವೇ ಅದಕ್ಕೆ ಹೋಗುವ ಕವಲು, ಅಪರಾಧಿ. ಸುಲಭದ್ದರಿಂದ ಶುರುಮಾಡಬೇಕು: ಆಮೇಲೆ ಹಾಕಿಸಿದ ಸ್ಟೀರಿಯೋ, ಅಲಾರಂ, ಜಿಪಿಎಸ್ ಟ್ರ್ಯಾಕರ್, ಓಬಿಡಿಗೆ ಸಿಕ್ಕಿಸಿ ಮರೆತ ಸಣ್ಣ ಡಾಂಗಲ್. ಕಾರಿನ ಮಾಲೀಕರೇ ಮಾಡಿ ನೋಡಬಹುದಾದ ಒಂದೇ ಪರೀಕ್ಷೆ ಎಂದರೆ ಆ ಡಾಂಗಲನ್ನು ಕಿತ್ತು ನೋಡುವುದು.

ಏರ್‌ಬ್ಯಾಗಿನ ಕನೆಕ್ಟರುಗಳನ್ನು (ಸಾಮಾನ್ಯವಾಗಿ ಹಳದಿ) ಹೀಗೆ ಸುಮ್ಮನೆ ಮುಟ್ಟುವಂತಿಲ್ಲ. ಬ್ಯಾಟರಿ ಕಳಚಿ ತಯಾರಕರು ಹೇಳಿದಷ್ಟು ಹೊತ್ತು ಕಾಯಬೇಕು, ಏರ್‌ಬ್ಯಾಗಿನ ತಂತಿಗೆ ಓಂ ಮೀಟರ್ ಹಿಡಿಯಲೇಬಾರದು. ಎಲೆಕ್ಟ್ರಿಕ್, ಹೈಬ್ರಿಡ್ ಗಾಡಿಗಳ ಕಿತ್ತಳೆ ಬಣ್ಣದ ಕೇಬಲ್ ತರಬೇತಾದವರ ಪಾಲಿಗೇ ಇರಲಿ.

ಎಲ್ಲ ಮಾತುಕತೆಯೂ ಕ್ಯಾನ್ ಮೇಲೆ ನಡೆಯುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಕಿಟಕಿಯ ಗುಂಡಿ, ಕನ್ನಡಿ, ಮಳೆ ಸೆನ್ಸರಿನಂಥ ಸಣ್ಣ ಕೆಲಸಗಳಿಗೆ ಲಿನ್ ಎಂಬ ಒಂಟಿ ತಂತಿಯ, ನಿಧಾನದ ಜಾಲ ಸಾಕು. ಕ್ಯಾಮೆರಾ, ಪರದೆಗಳಿಗೆ ಈಚೆಗೆ ಈಥರ್ನೆಟ್ ಬಂದಿದೆ. ಅಳತೆಗಳು ಬೇರೆ, ಹುಡುಕುವ ಕ್ರಮ ಹೆಚ್ಚೂಕಡಿಮೆ ಇದೇ.

ಬಂದು ಹೋಗುವ ದೋಷ

ಗ್ಯಾರೇಜಿಗೆ ತಂದಾಗ ಎಲ್ಲ ಸರಿ, ಮನೆಗೆ ಹೋಗುವಾಗ ಮತ್ತೆ ದೀಪ. ಮೆಕ್ಯಾನಿಕ್‌ಗೂ ಮಾಲೀಕರಿಗೂ ಮನಸ್ತಾಪ ತರುವುದು ಇದೇ. ಕಾರಣ ಹೆಚ್ಚಾಗಿ ಲೂಸ್ ಕಾಂಟ್ಯಾಕ್ಟ್. ಬಾಗಿಲು, ಡಿಕ್ಕಿಯ ಕೀಲಿನಲ್ಲಿ ದಿನಾ ಮಡಚಿ ಬಿಚ್ಚುವ ತಂತಿ ರಬ್ಬರ್ ಕೊಳವೆಯೊಳಗೇ ತುಂಡಾಗಿರುತ್ತದೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ಕೂಡಿಕೊಂಡಿರುತ್ತದೆ. ಕನೆಕ್ಟರಿನೊಳಗೆ ನೀರು ಇಳಿದಿರುತ್ತದೆ. ಹಿಂದೆ ಯಾರೋ ಪರೀಕ್ಷೆಗೆಂದು ತಂತಿಗೆ ಸೂಜಿ ಚುಚ್ಚಿ ಬಿಟ್ಟ ತೂತಿನಿಂದ ತೇವ ಹೊಕ್ಕು ತಾಮ್ರ ಕೊಳೆತಿರುತ್ತದೆ. ಇಲಿ ಕಡಿದಿರುತ್ತದೆ. ಮೀಟರ್ ಜೋಡಿಸಿಟ್ಟು ವೈರಿಂಗ್ ಕಟ್ಟನ್ನು ತುಸುತುಸುವೇ ಅಲ್ಲಾಡಿಸುತ್ತಾ, ಯಾವ ಜಾಗಕ್ಕೆ ಕೈಯಿಟ್ಟಾಗ ಅಂಕಿ ಹಾರುತ್ತದೆ ಎಂದು ನೋಡುವುದು ಹಳೆಯ ವಿದ್ಯೆ, ಇಂದಿಗೂ ಅದಕ್ಕೆ ಸಾಟಿಯಿಲ್ಲ.

ದೋಷ ಕಣ್ಣೆದುರು ಇಲ್ಲದಾಗಲೂ ಹಾಜರಿ ಪುಸ್ತಕದಿಂದ ಒಂದು ಸುಳಿವು ತೆಗೆಯಬಹುದು. ಆಗಾಗ ಕಾಣೆಯಾಗುವ ಮಾಡ್ಯೂಲಿನ ಸ್ವಂತ ನೆನಪನ್ನು ತೆರೆದು ನೋಡಿ. ಅದರಲ್ಲಿ 'ಎಂಜಿನ್ ಇಲ್ಲ, ಗೇರ್‌ಬಾಕ್ಸ್ ಇಲ್ಲ, ಬಾಡಿ ಇಲ್ಲ' ಎಂದು ಸಾಲಾಗಿ ಬರೆದಿದ್ದರೆ ಅದು ಆಗ ಎಚ್ಚರವಾಗಿಯೇ ಇತ್ತು, ಕರೆಂಟ್ ಇತ್ತು. ಕಡಿದದ್ದು ಕ್ಯಾನ್ ತಂತಿ. ಮಿಕ್ಕವರೆಲ್ಲ ಅದರ ಮೇಲೆ ದೂರು ಬರೆದಿದ್ದು ಅದರ ಪುಟ ಮಾತ್ರ ಖಾಲಿಯಿದ್ದರೆ, ಆ ಹೊತ್ತಿನಲ್ಲಿ ಅದಕ್ಕೆ ಜೀವವೇ ಇರಲಿಲ್ಲ ಎಂದು ಬಲವಾಗಿ ಶಂಕಿಸಬಹುದು. ಫ್ಯೂಸು, ರಿಲೇ, ಅರ್ತ್ ಬೋಲ್ಟಿನ ಕಡೆ ಹೋಗಬೇಕು.

ಮಾಡ್ಯೂಲ್ ಬದಲಿಸಿ ಎಂದಾಗ

ಕರೆಂಟು, ಅರ್ತ್ ಎರಡನ್ನೂ ಬಲ್ಬಿನ ಭಾರ ಹಾಕಿ ನೋಡಿ, ಮಾಡ್ಯೂಲಿನ ಪಿನ್ನಿನವರೆಗೆ ಎರಡೂ ಕ್ಯಾನ್ ತಂತಿ ಸರಿಯಿದ್ದು, ಆಗಲೂ ಅದು ಬಾಯಿಬಿಡದಿದ್ದರೆ ಮಾತ್ರ ಮಾಡ್ಯೂಲ್ ಕೆಟ್ಟಿದೆ ಎನ್ನಲು ಆಧಾರವಿದೆ. ಈ ಮೂರು ಅಳತೆ ಎಷ್ಟು ಬಂದವು ಎಂದು ಗ್ಯಾರೇಜಿನವರನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ಹೊಸ ಮಾಡ್ಯೂಲನ್ನು ಬಲ್ಬಿನಂತೆ ಸಿಕ್ಕಿಸಿ ಹೊರಡಲಾಗದು, ಬಹಳಷ್ಟನ್ನು ಆ ಗಾಡಿಯ ಗುರುತಿನ ಸಂಖ್ಯೆಗೆ, ಅದರಲ್ಲಿರುವ ಸೌಲಭ್ಯಗಳಿಗೆ ಹೊಂದುವಂತೆ ಕೋಡಿಂಗ್ ಮಾಡಬೇಕು. ಕಳ್ಳತನ ತಡೆಯುವ ಇಮ್ಮೊಬಿಲೈಸರಿಗೆ ಸೇರಿದ ಮಾಡ್ಯೂಲಾದರೆ, ಬೇರೆ ಕಾರಿನಿಂದ ತೆಗೆದು ತಂದದ್ದನ್ನು ಗಾಡಿ ಒಪ್ಪದೆಯೂ ಹೋಗಬಹುದು.

ದುರಸ್ತಿಯಾದ ಮೇಲೂ ಹಳೆಯ ಗೈರುಗಳು ಮಿಕ್ಕ ಮಾಡ್ಯೂಲುಗಳ ಪುಸ್ತಕದಲ್ಲಿ ಉಳಿದಿರುತ್ತವೆ. ಅವನ್ನೆಲ್ಲ ಅಳಿಸಿ, ಎಂಜಿನ್ ಬಿಸಿಯಾಗುವಷ್ಟು ದೂರ ಓಡಿಸಿ, ನಿಲ್ಲಿಸಿ, ಇನ್ನೊಮ್ಮೆ ಎಲ್ಲರನ್ನೂ ಕೂಗಬೇಕು. ಬೆಳಗಿನ ಕಾರಿನಲ್ಲಿ ಈಗ ಎಬಿಎಸ್ ಓಗೊಡುತ್ತದೆ, ಯು0121 ಯಾರ ಪುಟದಲ್ಲೂ ಇಲ್ಲ, ಮುಳ್ಳು ಸೊನ್ನೆ ಬಿಟ್ಟು ಎದ್ದಿದೆ.